ಡ್ರ್ಯಾಗನ್ನಿಗೆ ಮೀನು ಹಾಕುವವರು ಯಾರು?

ಮೊನ್ನೆ ಭಾನುವಾರ ಮನೆಯವರೆಲ್ಲ ಸಿನಿಮಾಕ್ಕೆ ಹೋದ ಮೇಲೆ, ಸಂಜೆ ಹಾಲಿನ ಹೊತ್ತಿಗೆ ನಾನು ಕೊಟ್ಟಿಗೆಗೆ ಹೋಗಿ, ಮೊಳೆಗೆ ನೇತು ಹಾಕಿದ್ದ ತಂಗಿಯ ಸ್ವೆಟರು ತೆಗೆದು ಮೂಗಿಗೆ ಹಿಡಿದೆ. ಬೂದು ಬಣ್ಣದ, ಮೊಣಕೈ ಹತ್ತಿರ ಹರಿದು ಹೊಲಿದ ಹಳೇ ಸ್ವೆಟರು. ಅದಕ್ಕೊಂದು ವಾಸನೆಯಿದೆ. ಹಾಲು, ಬೂಸಾ, ಸಗಣಿ, ಕೊಬ್ಬರಿ ಎಣ್ಣೆ ಎಲ್ಲ ಬೆರೆತದ್ದು. ನಮ್ಮ ಹಸುವಿಗೆ ಆ ವಾಸನೆಯೇ ನನ್ನ ತಂಗಿ. ಆದರೆ ಅವತ್ತು ಅದರಿಂದ ಬಂದದ್ದು ಬರೀ ಸೋಪಿನ ಪುಡಿಯ ವಾಸನೆ. ತಂಗಿ ಅದನ್ನು ಒಗೆದು, ಒಣಗಿಸಿ, ಮತ್ತೆ ಅದೇ ಮೊಳೆಗೆ ಹಾಕಿ ಹೋಗಿದ್ದಳು. ನನಗೆ ಮೊದಲು ನಗು ಬಂತು. ಆಮೇಲೆ ಹಸುವಿನ ಹಿಂಗಾಲಿನ ಕಡೆ ನೋಡಿದೆ, ನಗು ನಿಂತಿತು.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನೀವೂ ಬನ್ನಿ, ಈ ಕಟ್ಟೆ ಮೇಲೆ ಕೂತುಕೊಳ್ಳಿ. ಹಸುವಿನ ಹಿಂದುಗಡೆ ಮಾತ್ರ ನಿಲ್ಲಬೇಡಿ. ನಾನು ಹತ್ತನೇ ಕ್ಲಾಸಿನ ಬಾಗಿಲವರೆಗೆ ಹೋಗಿ ವಾಪಸು ಬಂದವನು. ಬರೆದು ಅಭ್ಯಾಸವಿಲ್ಲ. ಮಾತು ಆ ಕಡೆ ಈ ಕಡೆ ಹೋದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮೂರು ದೇವಲಾಪುರದ ಹತ್ತಿರ. ರಾಗಿ, ಹುರುಳಿ, ಒಂದಷ್ಟು ತೆಂಗು, ಮತ್ತೆ ಹಾಲು. ಹಸುವಿನ ಹೆಸರು ರಾಣಿ. ಕಪ್ಪು ಬಿಳುಪಿನ ಸೀಮೆ ಹಸು, ಸಿಂಧಘಟ್ಟದ ನಮ್ಮ ಮಾವನ ಮನೆಯಿಂದ ಇನ್ನೂ ಕರು ಹಾಕದ ಪಡ್ಡೆಯಾಗಿದ್ದಾಗ ಬಂದವಳು. ಈಗ ಮುದುಕಿಯಾಗುತ್ತಿದ್ದಾಳೆ, ಒದೆಯುವ ಕಾಲಿಗೆ ಮಾತ್ರ ವಯಸ್ಸಾಗಿಲ್ಲ. ಅವ್ವನನ್ನು ಒದ್ದಳು, ನನ್ನ ಹೆಂಡತಿಯನ್ನು ಒದ್ದಳು, ಚುಚ್ಚುಮದ್ದು ಹಾಕಲು ಬಂದ ಡಾಕ್ಟರನ್ನೂ ಬಿಡಲಿಲ್ಲ. ತಂಗಿ ರತ್ನ ಹೋಗಿ ಪಕ್ಕದಲ್ಲಿ ಕೂತರೆ ಮಾತ್ರ ಕಿವಿ ಜೋಲು ಬಿಟ್ಟು ನಿಲ್ಲುತ್ತಾಳೆ. ಹಸು ಒಂದೇ ಕೈಗೆ ಒಗ್ಗಿಕೊಂಡರೆ ಆ ಕೈಯವರು ಬೆಳಿಗ್ಗೆ ಸಂಜೆ ಮನೆಯಲ್ಲಿರಲೇಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಮದುವೆಗೂ, ಯಾವ ಪ್ರಯಾಣಕ್ಕೂ ಹೊರಡುವ ಮೊದಲು ಒಂದು ಮಾತು ಇರುತ್ತಿತ್ತು: "ರತ್ನ ಇರ್ತಾಳೆ ಬುಡು." ರತ್ನ ಮದುವೆ ಬೇಡ ಅಂದಾಗ ಯಾಕೆ ಅಂತ ನಾನು ಒಂದು ಸಲವೂ ಕೇಳಲಿಲ್ಲ. ಕೇಳಿ, ಅವಳು ಮನಸ್ಸು ಬದಲಾಯಿಸಿಬಿಟ್ಟಿದ್ದರೆ?

ಸಿನಿಮಾದ ವಿಷಯಕ್ಕೆ ಬರುತ್ತೇನೆ. ಕಾರ್ಟೂನಿನಂಥ ಸಿನಿಮಾ. ತಣ್ಣನೆಯ ಸಮುದ್ರದ ನಡುವೆ ಒಂದು ದ್ವೀಪ, ಅಲ್ಲಿ ಕೊಂಬಿನ ಟೋಪಿ ಹಾಕಿದ ಗಡ್ಡದ ಜನ. ವೈಕಿಂಗರು ಅಂತಾರಂತೆ ಅವರನ್ನು. ಆಕಾಶದಿಂದ ಬೆಂಕಿ ಉಗುಳುತ್ತಾ ಬರುವ ಡ್ರ್ಯಾಗನ್ನುಗಳು. ಅವುಗಳಲ್ಲೇ ಕೆಟ್ಟ ಕೋಪದ ಒಂದು, ದಿನಾ ತನಗೆ ಮೀನು ಹಾಕುವ, ಮೀನು ಮಾರುವವಳ ಮಗಳೊಬ್ಬಳಿಗೆ ಮಾತ್ರ ಬಗ್ಗುತ್ತದೆ. ಮೊದಲನೇ ಭಾಗ ಬಂದಾಗ ನನ್ನ ಮಗಳು ಚಿನ್ನು ಆಗ ತಾನೇ ಅಂಗನವಾಡಿ ಬಿಟ್ಟು ಸ್ಕೂಲಿಗೆ ಸೇರಿದ್ದಳು. ಫೋನಿನಲ್ಲಿ ಅದರ ತುಣುಕು ತೋರಿಸಿದರೆ ರತ್ನ ಕೈಯಲ್ಲಿದ್ದ ಹುಲ್ಲು ಕೆಳಗೆ ಹಾಕಿ ನೋಡಿದಳು. ಮತ್ತೆ ಹಾಕು ಅಂದಳು. ಮತ್ತೆ ನೋಡಿದಳು.

"ಇದು ನಮ್ ರಾಣಿಯೇ ಕಣಣ್ಣ. ಮುಂದೆ ನಿಂತ್ರೆ ಬೆಂಕಿ, ಪಕ್ಕ ನಿಂತ್ರೆ ಹಸ."

ಮೈಸೂರಿನಲ್ಲಿ ಮಧ್ಯಾಹ್ನದ ಆಟ. ಮುಗಿಸಿ ಬಸ್ಸು ಹಿಡಿದು ಬರುವಷ್ಟರಲ್ಲಿ ಹಾಲಿನ ಹೊತ್ತು ಮೀರಿರುತ್ತದೆ. "ನೀನು ಬಂದ್ರೆ ಹಾಲು?" ಅಂದೆ ನಾನು. ಅಷ್ಟೇ ಅಂದದ್ದು. ಅವಳು "ಅದೂ ಸರಿಯೇ" ಅಂದು ಹುಲ್ಲು ಎತ್ತಿಕೊಂಡಳು. ನಾವು ನಾಲ್ಕು ಜನ ಪಾಂಡವಪುರ ದಾಟಿ, ಶ್ರೀರಂಗಪಟ್ಟಣದ ಸೇತುವೆ ಮೇಲೆ ಚಿನ್ನುವಿಗೆ ಹೊಳೆ ತೋರಿಸಿಕೊಂಡು, ಕಡಲೆಕಾಯಿ ತಿನ್ನುತ್ತಾ ಹೋದೆವು.

ತೆರೆಯ ಮೇಲಿನವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ಅರ್ಥವಾಗದೆ ಹೋದದ್ದು ಮಾತು ಒಂದೇ. ಊರಿನವರೆಲ್ಲ ಓಡಿಹೋಗುವಾಗ ಆ ಹುಡುಗಿ ಪ್ರಾಣಿಯ ಪಕ್ಕಕ್ಕೆ ಬಂದು ಅದರ ಪಕ್ಕೆಗೆ ತಲೆ ಒತ್ತಿ ನಿಂತಳು. ರತ್ನ ಹಾಲು ಕರೆಯುವಾಗ ಹಾಗೇ ಒತ್ತುವುದು. ನನ್ನ ಹೆಂಡತಿ ಮೊಣಕೈಯಲ್ಲಿ ತಿವಿದು "ನೋಡಿ, ನಿಮ್ ತಂಗಿ" ಅಂದಳು. ನಾನು ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ಮಡಿಸಿ ಜೇಬಿಗೆ ಹಾಕಿದೆ.

ಮನೆಗೆ ಬಂದಾಗ ರತ್ನ ಬಾಗಿಲಲ್ಲೇ ಕಾದಿದ್ದಳು. "ಹೆಂಗಿತ್ತಣ್ಣ?"

"ಅದ್ರಾಗೇನೈತೆ, ಮಕ್ಳ ಆಟ" ಅಂದುಬಿಟ್ಟೆ. ಚೆನ್ನಾಗಿತ್ತು ಅಂದರೆ ಅವಳು ಕಳೆದುಕೊಂಡದ್ದು ದೊಡ್ಡದಾಗುತ್ತದಲ್ಲ, ಅದಕ್ಕೆ. ಚಿನ್ನು ಮಾತ್ರ ಅತ್ತೆಯ ಸೊಂಟಕ್ಕೆ ಜೋತುಬಿದ್ದು ಪೂರ್ತಿ ಕತೆ ಹೇಳಿದಳು, ರೆಕ್ಕೆ ಬಡಿದಳು, ಬೆಂಕಿ ಉಗುಳಿದಳು. ಎಲ್ಲ ಕೇಳಿದ ಮೇಲೆ ರತ್ನ ಕೇಳಿದ್ದು ಒಂದೇ ಪ್ರಶ್ನೆ.

"ಆ ಹುಡ್ಗಿ ಎಲ್ಲಿಗಾರಾ ಹೋದಾಗ ಅದುಕ್ಕೆ ಮೀನು ಹಾಕೋರು ಯಾರವ್ವಾ?"

"ಅದು ಸಿನಿಮಾದಲ್ಲಿ ಇಲ್ಲ ಅತ್ತೆ" ಅಂದಳು ಚಿನ್ನು.

ಈಗ ನಾನು ಇಷ್ಟು ವರ್ಷ ಬಾಯಿ ಬಿಡದ ವಿಷಯ. ಚಿನ್ನು ಹುಟ್ಟುವ ಮೊದಲು ನನ್ನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಅವ್ವನೂ ಜೊತೆಗಿದ್ದಳು. ಮನೆಯಲ್ಲಿ ನಾನು, ರತ್ನ, ಮತ್ತು ಆಗ ತಾನೇ ಮೊದಲನೇ ಕರು ಹಾಕಿದ್ದ ರಾಣಿ. ರತ್ನನಿಗೆ ಜ್ವರ ಬಂತು. ಎಂಥ ಜ್ವರ ಅಂದರೆ ನೀರು ಬೇಕಾ ಅಂದರೂ ಉತ್ತರವಿಲ್ಲ. ಸಂಜೆಯಾಯಿತು, ರಾಣಿಯ ಕೆಚ್ಚಲು ಬಿಗಿದು ಅವಳು ಕೂಗತೊಡಗಿದಳು. ನಾನು ಹೋದೆ, ಒದ್ದಳು. ಆಗ ಕಣ್ಣಿಗೆ ಬಿದ್ದದ್ದು ಮೊಳೆಯ ಮೇಲಿನ ಸ್ವೆಟರು. ಹಾಕಿಕೊಂಡೆ. ನನಗೆ ಬಿಗಿ, ತೋಳು ಮೊಣಕೈವರೆಗೇ ಬಂತು. ಅವಳ ತಲೆವಸ್ತ್ರವನ್ನೂ ಸುತ್ತಿಕೊಂಡೆ. ರಾಣಿ ಕತ್ತು ತಿರುಗಿಸಿ ಮೂಸಿದಳು, ಉಸಿರು ಬಿಟ್ಟಳು, ಹಾಲು ಬಿಟ್ಟಳು. ಬಕೆಟ್ಟು ತುಂಬಿತು.

ಕ್ಯಾನು ಹಿಡಿದು ಡೈರಿಗೆ ಹೋದರೆ ಸೆಕ್ರೆಟರಿ ಸಿದ್ದಣ್ಣ "ರತ್ನವ್ವಂಗೆ ಜ್ವರ ಅಂದ್ರಲ್ಲಾ, ಯಾರ್ಲಾ ಕರೆದಿದ್ದು?" ಅಂದ. ನಾಲ್ಕು ಜನ ಗಂಡಸರು ನಿಂತಿದ್ದರು. ತಂಗಿಯ ಸ್ವೆಟರು, ತಲೆವಸ್ತ್ರ ಹಾಕಿಕೊಂಡು ಕರೆದೆ ಅಂತ ಅವರ ಮುಂದೆ ಹೇಳುವುದೇ? ಜೊತೆಗೆ ಇನ್ನೊಂದು ಲೆಕ್ಕಾಚಾರ ಹೊಳೆಯಿತು. ನನ್ನ ಕೈಗೂ ಹಾಲು ಬರುತ್ತದೆ ಅಂತ ಗೊತ್ತಾದರೆ ನಾಳೆಯಿಂದ ಚಳಿಯಲ್ಲಿ ಏಳುವವನು ನಾನು.

"ಇನ್ಯಾರು, ಅವ್ಳೇ. ಜ್ವರದಾಗೂ ಎದ್ ಬಂದ್ಳು" ಅಂದೆ.

ಎಲ್ಲರೂ ಅವಳನ್ನು ಹೊಗಳಿದರು. ಮಾರನೇ ಬೆಳಿಗ್ಗೆ ಜ್ವರ ಬಿಟ್ಟ ಮೇಲೆ ಅವಳಿಗೂ ಸುದ್ದಿ ಮುಟ್ಟಿತು. "ನಾನಾ ಕರೆದಿದ್ದು? ಗ್ಯಾನವೇ ಇಲ್ವಲ್ಲಣ್ಣ" ಅಂದಳು. "ನಿದ್ದೆಗಣ್ಣಲ್ಲಿ ಕರೆದೆ ನೀನು" ಅಂದೆ. ಅವಳು ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಆ ಕತೆ ಅವಳದೇ ಆಯಿತು. ನೆಂಟರು ಬಂದರೆ ಹೇಳುತ್ತಿದ್ದಳು. ನಾಗಮಂಗಲದಲ್ಲಿ ಟೈಲರಿಂಗ್ ಕ್ಲಾಸು ಸೇರುತ್ತೇನೆ ಅಂತ ಒಂದು ವರ್ಷ ಕೇಳಿದಳು. ಕ್ಲಾಸು ಬಿಡುವುದು ಸಂಜೆ. "ಹಾಲು?" ಅಂದೆ. ಬಿಟ್ಟಳು.

ಹೋದ ವಾರ ಸಿನಿಮಾದ ಎರಡನೇ ಭಾಗ ಬಂದಿದೆ ಅಂತ ಚಿನ್ನು ಕುಣಿದಾಡಿದಳು. ರತ್ನ ಹಾಲು ಕರೆಯುತ್ತಾ ಕೂತಲ್ಲಿಂದಲೇ "ನೀವ್ ಹೋಗ್ ಬನ್ನಿ. ಇವ್ಳು ಇನ್ಯಾರ್ಗೂ ಬಗ್ಗಲ್ಲ" ಅಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನಂಗೆ ಜ್ವರ ಬಂದಿತ್ತು ಕಣೇ ಚಿನ್ನು, ಮೈಯೆಲ್ಲಾ ಕೆಂಡ. ಆದ್ರೂ ಎದ್ದೋಗಿ ಕರ್ದಿವ್ನಿ. ತಲೆಗೆ ಗೊತ್ತಿಲ್ದಿದ್ರೂ ಕೈಗೆ ಗೊತ್ತಿತ್ತು."

ಆ ಮಾತನ್ನು ನಾನು ಅದೆಷ್ಟು ಸಲ ಕೇಳಿಸಿಕೊಂಡು ಸುಮ್ಮನಿದ್ದೆನೋ. ಅವತ್ತು ನನ್ನ ಮಗಳು ಕಣ್ಣರಳಿಸಿ ನಂಬುತ್ತಿದ್ದದ್ದು ನೋಡಿ ತಡೆಯಲಾಗಲಿಲ್ಲ. ಚಿನ್ನು ಒಳಗೆ ಹೋದ ಮೇಲೆ ಹೇಳಿದೆ.

"ರತ್ನ, ಆವತ್ತು ಕರೆದಿದ್ದು ನೀನಲ್ಲ ಕಣವ್ವ. ನಿನ್ ಸ್ವೆಟರ್ ಹಾಕ್ಕಂಡು ನಾನು ಕರೆದೆ. ನೀನು ಮಲ್ಗೇ ಇದ್ದೆ."

ಬಕೆಟ್ಟಿಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು.

"ಟೈಲರಿಂಗ್ ಸೇರ್ತೀನಿ ಅಂದ್ನಲ್ಲ, ಆಗ್ಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಹೋದ್ ಸಲ ಸಿನಿಮಾಕ್ಕೆ ಹೋದಾಗ?"

"ಆಗ್ಲೂವೆ."

ಅವಳು ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. "ಸಿನಿಮಾ ಹಾಳಾಗ್ಲಿ ಬುಡು. ಊರ್ಗೆಲ್ಲಾ ಹೇಳ್ಕಂಡು ತಿರುಗ್ದೆನಲ್ಲಣ್ಣ, ಜ್ವರದಾಗೂ ಕರೆದೆ ಅಂತ. ಪಕ್ಕದಲ್ಲೇ ಕೂತು ಕೇಳ್ತಿದ್ದೆ ನೀನು. ಎಷ್ಟ್ ನಕ್ಕಿದ್ಯೋ ಒಳಗೊಳಗೇ."

"ನಗ್ತಿರ್ಲಿಲ್ಲ ಕಣೆ" ಅಂದೆ. ಅದು ನಿಜ. ಆದರೆ ನನ್ನ ಬಾಯಿಂದ ಬಂದ ನಿಜಕ್ಕೆ ಅವತ್ತು ಬೆಲೆ ಎಲ್ಲಿಂದ ಬರಬೇಕು?

ಮಾರನೇ ದಿನ ಬೆಳಿಗ್ಗೆ ಬಕೆಟ್ಟು ತಂದು ನನ್ನ ಹಾಸಿಗೆಯ ಪಕ್ಕ ಕುಕ್ಕಿದಳು. "ಭಾನುವಾರ ನಾನು ಸಿನಿಮಾಕ್ಕೆ ಹೋಯ್ತೀನಿ. ಸೋಮವಾರದಿಂದ ಟೈಲರಿಂಗು. ನೀನು ಕರಿ. ಸ್ವೆಟರ್ ಹಾಕ್ಕಂಡು ಅಲ್ಲ, ಅದು ನಾನು ಕರೆದಂಗೇ ಲೆಕ್ಕ."

ಆ ವಾರ ಪೂರ್ತಿ ರಾಣಿಯ ಪಕ್ಕ ಕೂತೆ. ಮೊದಲು ಸುಮ್ಮನೆ ಕೂರುವುದು, ಆಮೇಲೆ ಮೈ ಉಜ್ಜುವುದು, ಆಮೇಲೆ ರತ್ನ ಅರ್ಧ ಕರೆದು ಎದ್ದ ಮೇಲೆ ಉಳಿದರ್ಧಕ್ಕೆ ಕೈ ಹಾಕುವುದು. ಮೊಣಕಾಲು ಊದಿಕೊಂಡಿತು. ರತ್ನ ಒಂದು ಮಾತೂ ಹೇಳಿಕೊಡಲಿಲ್ಲ. ನಾನು ಹಿಂದುಗಡೆಗೆ ಸರಿದಾಗ ಮಾತ್ರ "ಪಕ್ಕ" ಅನ್ನುತ್ತಿದ್ದಳು. ಇಷ್ಟಾದರೂ ಭಾನುವಾರ ಎಲ್ಲರೂ ಬಸ್ಸು ಹತ್ತಿ ಹೋಗಿ, ಹಾಲಿನ ಹೊತ್ತಾದಾಗ ನನ್ನ ಕೈ ತಾನಾಗಿಯೇ ಸ್ವೆಟರಿಗೆ ಹೋಯಿತು. ಅಣ್ಣ ಎಂಥವನು ಅಂತ ಗೊತ್ತಿದ್ದೇ ಅವಳು ಅದನ್ನು ಒಗೆದು ಹೋಗಿದ್ದಳು.

ಸ್ವೆಟರನ್ನು ಮೊಳೆಗೇ ವಾಪಸು ಹಾಕಿದೆ. ಏನಾದರಾಗಲಿ ಅಂತ ಲುಂಗಿ ಎತ್ತಿ ಕಟ್ಟಿ, ಹಾಲು ಇಳಿಯಲಿ ಅಂತ ಕರು ಬಿಟ್ಟು ಕಟ್ಟಿ, ಪಕ್ಕದಲ್ಲಿ ಕೂತೆ. ರಾಣಿ ಬಕೆಟ್ಟು ಒದ್ದಳು. ಎತ್ತಿಟ್ಟೆ. ಹಾಲು ಮೇಲಕ್ಕೆಳೆದುಕೊಂಡು ಕಲ್ಲಿನಂತೆ ನಿಂತಳು. ನಾನೂ ಏಳಲಿಲ್ಲ. ಡೈರಿಯ ಹೊತ್ತು ಹತ್ತಿರ ಬರುತ್ತಿತ್ತು. ಅವಳ ಪಕ್ಕೆಗೆ ತಲೆ ಒತ್ತಿ, "ನೋಡವ್ವ, ಅವ್ಳು ಈಗ ಸಿನಿಮಾ ನೋಡ್ತಾವ್ಳೆ. ನೀನು ಬುಡೋವರ್ಗೂ ನಾನ್ ಏಳಾಕಿಲ್ಲ" ಅಂದೆ. ಹಸುವಿಗೆ ಮಾತು ತಿಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಅವಳಿಗೂ ನಿಂತು ನಿಂತು ಬೇಸರ ಬಂದಿರಬಹುದು. ಎರಡನೇ ಸಲ ಕರು ಬಿಟ್ಟು ಕಟ್ಟಿದ ಮೇಲೆ ಒಂದು ಉದ್ದ ಉಸಿರು ಬಂತು, ಅದರ ಹಿಂದೆ ಹಾಲು. ಅರ್ಧ ಬಕೆಟ್ಟು. ರತ್ನನ ಕೈಗೆ ಕೊಡುವುದರ ಮುಂದೆ ಅದು ಕಮ್ಮಿಯೇ.

ಡೈರಿಯಲ್ಲಿ ಅದೇ ಸಿದ್ದಣ್ಣ, ಅಂಥವೇ ನಾಲ್ಕು ಮುಖಗಳು. "ರತ್ನವ್ವ ಎಲ್ಲಿ? ಯಾರ್ಲಾ ಕರೆದಿದ್ದು?"

"ನಾನೇ."

"ಬುಡ್ಲಾ ಸುಳ್ನ. ಆ ರಾಕ್ಸಸಿ ನಿನ್ ಕೈಗೆ ಬಗ್ತಾಳಾ?"

ಊದಿದ ಮೊಣಕಾಲು ತೋರಿಸಿದೆ. ನಕ್ಕರು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ಆ ಜ್ವರದ ದಿನದ್ದನ್ನೂ ಹೇಳಿದೆ. ಸ್ವೆಟರು, ತಲೆವಸ್ತ್ರ, ಎಲ್ಲ. ಆಮೇಲೆ ಬಂದ ನಗು ರಸ್ತೆಯವರೆಗೂ ಕೇಳಿರಬೇಕು. "ಬಳೆ ತೊಟ್ಟಿದ್ದೇನ್ಲಾ? ಹೂವ?" ಅಂದ ಒಬ್ಬ. ಸಿದ್ದಣ್ಣ ಮಾತ್ರ ಹಾಲು ಅಳೆಯುತ್ತಾ, "ಅಂಗಾದ್ರೆ ಆವತ್ತು ನಾವು ರತ್ನವ್ವನ್ನ ಹೊಗಳಿದ್ದೆಲ್ಲಾ ಸುಳ್ಳಾಯ್ತಲ್ಲೋ" ಅಂದ.

"ಆವತ್ತೊಂದ್ ದಿನದ್ದು ಸುಳ್ಳು ಕಣಣ್ಣ. ಮಿಕ್ಕಿದ್ ದಿನವೆಲ್ಲಾ ಅವ್ಳೇ ಕರೆದಿದ್ದು. ಅದುನ್ನ ಯಾರೂ ಹೊಗಳ್ಲಿಲ್ಲ" ಅಂದೆ. ಈ ಮಾತನ್ನು ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿರಲಿಲ್ಲ. ಬಾಯಿಂದ ಬಂದ ಮೇಲೆ ನನಗೂ ಕೇಳಿಸಿತು.

ಕತ್ತಲಾದ ಮೇಲೆ ಬಸ್ಸು ಬಂತು. ಚಿನ್ನು ನಿದ್ದೆಗಣ್ಣಲ್ಲೇ ನನ್ನ ಹೆಂಡತಿಗೆ ಆತುಕೊಂಡು ಇಳಿದಳು. ರತ್ನ ಚಪ್ಪಲಿ ಬಿಡದೆ ನೇರ ಕೊಟ್ಟಿಗೆಗೆ ಬಂದು ರಾಣಿಯ ಕೆಚ್ಚಲು ಮುಟ್ಟಿ ನೋಡಿದಳು. "ಇನ್ನೂ ಒಂಚೂರು ಉಳ್ಕಂಡದೆ" ಅಂದಳು. ಸಿನಿಮಾ ಹೇಗಿತ್ತು ಅಂತ ಕೇಳಿದೆ.

"ಸಂದಾಗಿತ್ತು. ಈ ಸಲವೂ ತೋರಿಸ್ಲಿಲ್ಲ ಕಣಣ್ಣ, ಹುಡ್ಗಿ ಇಲ್ದಾಗ ಮೀನು ಹಾಕೋರು ಯಾರು ಅಂತ."

ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಕೇಳುವ ಹಕ್ಕು ಅರ್ಧ ಬಕೆಟ್ಟು ಹಾಲಿಗೆ ಬರುವುದಿಲ್ಲ. ಅವಳು ಮೊಳೆಯಿಂದ ಸ್ವೆಟರು ತೆಗೆದು ಕೊಡವಿ ಮೈಗೆ ಹಾಕಿಕೊಂಡಳು. "ಬೆಳಿಗ್ಗೆ ಬಸ್ಸಲ್ಲಿ ಚಳಿ ಹೊಡೀತದೆ, ಕ್ಲಾಸಿಗೆ ಬೇಕು ಇದು" ಅಂದು ಒಳಗೆ ಹೋದಳು.

ಮೊಳೆ ಖಾಲಿಯಾಯಿತು. ನಾನು ಅಂಗಿ ಬಿಚ್ಚಿ ಅದಕ್ಕೆ ನೇತು ಹಾಕಿದೆ. ಒಗೆಯಬೇಡ ಅಂತ ಹೆಂಡತಿಗೆ ಹೇಳಿದ್ದೇನೆ.