ಕೀಲಿ ಹಿಡದವನ ಗದ್ದಿಗೆ ಕಡೀ ನೀರು

ಗಿಡ್ಡಪ್ಪನ ಬಗ್ಗೆ ಹೇಳ್ರಿ ಅಂತೀರಿ. ಹೇಳ್ತೀನಿ. ಆದರ ಮೊದಲ ಒಂದು ಮಾತು ಕೇಳ್ರಿ, ಆ ಮನಷಾನ್ನ ಕಂಡ್ರ ನನಗ ಹೊಟ್ಟಿಕಿಚ್ಚು. ಇವತ್ತಿಗೂ ಐತಿ. ಸುಳ್ಳು ಯಾಕ ಹೇಳ್ಲಿ?

ನಮ್ಮೂರು ಮರಳಿ, ಗಂಗಾವತಿ ಹತ್ರ. ಹೊಳಿಗೆ ಒಡ್ಡು ಕಟ್ಟಿ ಹಿರ್ಯಾರು ತಂದ ಕಾಲುವಿ ಮ್ಯಾಲ ನಮ್ಮ ನೆಲ್ಲಿನ ಗದ್ದಿ ನಡೀತಾವ. ಗಿಡ್ಡಪ್ಪ ಆ ಕಾಲುವಿ ಬಾಲದ ಕಡೆ ನೀರಗಂಟಿ. ಯಾರ ಗದ್ದಿಗೆ ಯಾವಾಗ ನೀರು ಬಿಡಬೇಕು ಅನ್ನೋದು ಅವನ ಕೆಲಸ. ಅವರಪ್ಪನೂ ನೀರಗಂಟಿ. ಮೊಣಕಾಲಮಟ ಧೋತರ, ಹೆಗಲ ಮ್ಯಾಲ ಸಲಿಕಿ, ಸ್ವಂತದ್ದು ಅಂದ್ರ ಎರಡು ಎಕರೆ. ನನಗ ಹನ್ನೆರಡು ಎಕರೆ. ಕಚೇರಿ ಉರ್ದು ಓದಾಕ, ಬರಿಯಾಕ ಬರ್ತದ. ಅಮರಪ್ಪಗೌಡ್ರು, ಅಂದ್ರ ನಾನು, ಬಂದ್ರು ಅಂದ್ರ ಕುಂತವರು ಎದ್ದು ನಿಂದರ್ತಾರ.

ಆ ದೊಡ್ಡ ಯುದ್ಧ ಸುರುವಾದ ವರ್ಷ, ಆಗ ನಮ್ಮನ್ನ ಆಳತಿದ್ದ ಹೈದ್ರಾಬಾದಿನಿಂದ ಹುಕುಂ ಬಂತು. ಕಾಲುವಿ ಸರಕಾರದ್ದಽ, ಆದರ ಇನ್ನ ಮ್ಯಾಲ ಅದನ್ನ ನಡಸೋದು ಒಂದು ಮಂಡಳಿ. ತಹಸೀಲದಾರ್ರು, ಓವರ್ಸೀರ ಮಕ್ಬುಲಸಾಬರು, ಅವರ ಜೋಡಿ ರೈತರು ಮೂರು ಮಂದಿ. ಕಾಲುವಿ ತಲಿಗೊಬ್ಬ, ನಡುವಿಗೊಬ್ಬ, ಬಾಲಕ್ಕೊಬ್ಬ. ಪಾಳಿ ಇಡೋದು, ಹೂಳು ತಗಸೋದು, ನೀರಿನ ಜಗಳ ಬಗಿಹರಸೋದು ಎಲ್ಲಾ ಮಂಡಳೀದು. ರೈತ ಸದಸ್ಯನ ಕೈಯಾಗ ಅವನ ಭಾಗದ ತೂಬಿನ ಕೀಲಿ, ಮೂರು ವರ್ಷದ ತನಕ.

ಬಾಲದ ಜಾಗಾ ನಂದಽ ಅಂತ ತಿಳಕೊಂಡು ಕೊಪ್ಪಳದಿಂದ ಹೊಸಾ ರುಮಾಲು ತರಿಸಿದ್ದೆ. ಚಾವಡಿ ಮುಂದ ಕೈ ಎತ್ತಿಸಿದ್ರು. ನನ್ನ ಕಡೆ ಮೂರು ಕೈ, ಅದರಾಗ ಒಂದು ನನ್ನ ಆಳಿಂದು. ಉಳದ ಮಂದಿ ಎಲ್ಲಾ ಗಿಡ್ಡಪ್ಪನ ಕಡೆ! ನನ್ನ ಹೆಂಡ್ತಿ ತಮ್ಮ, ಆ ಬಾಡ್ಯಾನೂ ಅವಗಽ ಕೈ ಎತ್ತಿದ.

ಗಂಗಾವತಿ ಕಚೇರ್ಯಾಗ ಗಿಡ್ಡಪ್ಪಗ ಕುರ್ಚಿ ಹಾಕಿದ್ರು, ತಹಸೀಲದಾರ್ರ ಬಾಜೂಕ. ನಾನು ಹೊರಗ ಬೆಂಚಿನ ಮ್ಯಾಲ. "ಬರ್ರಿ ಗಿಡ್ಡಪ್ಪ, ಕುಂದರ್ರಿ" ಅಂತ ಮಕ್ಬುಲಸಾಬರು ಅಂದದ್ದು ಕಿವಿಗೆ ಬಿತ್ತು. ಅಲ್ಪಗ ಐಶ್ವರ್ಯ ಬಂದ್ರ ಅರ್ಧರಾತ್ರ್ಯಾಗ ಕೊಡಿ ಹಿಡದ ಅಂತಾರಲ್ರಿ? ಇವ ಕೊಡೀನೂ ಹಿಡೀಲಿಲ್ಲ. ಅದಽ ಧೋತರ, ಅದಽ ಸಲಿಕಿ, ಉಡದಾರಕ್ಕ ಕೀಲಿ. ಸೊಕ್ಕು ಮಾಡಿದ್ರ ಬೈಯಾಕರ ಬರ್ತಿತ್ತು!

ನಾ ಸುಮ್ಮನಿರೋ ಆಸಾಮಿ ಅಲ್ಲ. ಛಲೋ ಉರ್ದುವಿನಾಗ ಮಂಡಳಿಗೆ ಅರ್ಜಿ ಬರದೆ. ಕೀಲಿ ಹಿಡದಾಂವ ತನ್ನ ಗದ್ದಿಗೇ ಮೊದಲ ನೀರು ಕುಡಸ್ತಾನ, ಅದಕ್ಕ ಸದಸ್ಯನ ಗದ್ದಿಗೆ ಎಲ್ಲಾರದೂ ಆದ ಮ್ಯಾಲ ಕಟ್ಟಕಡೀಕ ನೀರು ಅಂತ ಕಾಯ್ದೆ ಆಗಬೇಕು ಅಂದೆ. ಮಂಡಳಿ ಒಪ್ಪಿ ಪುಸ್ತಕದಾಗ ಬರಕೊಂತು. ಗಿಡ್ಡಪ್ಪ ಕೂಗಾಡ್ತಾನ ಅಂತ ಕಾದೆ.

"ಛಲೋ ಆತು ಬಿಡ್ರಿ ಗೌಡ್ರ, ಮಂದಿ ಅನುಮಾನ ಹೋತು" ಅಂದ.

ಮೂರು ವರ್ಷದಾಗ ಎರಡು ವರ್ಷ ಅವನ ಗದ್ದಿ ಹೊಡಿ ಹಾದು ತೆನಿ ಬರೋ ಹೊತ್ತಿಗೆ ಒಣಗಿತು. ಅವನ ಹೆಂಡ್ತಿ ಹುಲಗೆಮ್ಮ ನನ್ನ ಗದ್ಯಾಗ ಕಳೆ ಕೀಳಾಕ ಬರತಿದ್ಲು. ಅವ ಬಿಟ್ಟ ನೀರಿನಿಂದಽ ನನ್ನ ಬೆಳಿ ಹಸರಾಗಿತ್ತು. ನನಗ ಖುಷಿ ಆಗಬೇಕಿತ್ತು ನೋಡ್ರಿ, ಆಗಲಿಲ್ಲ. ಅವನ ಒಣಗಿದ ಗದ್ದಿ ನೋಡಿದಷ್ಟೂ ಮಂದಿ ಅವಗ ಕೈ ಮುಗೀತಿದ್ರು.

ಮತ್ತ ಆರಸೋ ದಿನ ಬಂತು. ಚಾವಡಿ ಮುಂದ ಗಿಡ್ಡಪ್ಪ ಎದ್ದು ನಿಂತ. "ಈ ಸಲ ಗೌಡ್ರು ಆಗ್ಲಿ. ನಮ್ಮ ಮನ್ಯಾಗ ಕೂಳಿಗೆ ಅಕ್ಕಿ ಇಲ್ರಪಾ" ಅಂದ. ಅವ ಹೇಳಿದ ಮ್ಯಾಲ ಎಲ್ಲಾರ ಕೈಯೂ ಮ್ಯಾಲ ಎದ್ದುವು. ಉಡದಾರದಿಂದ ಕೀಲಿ ಬಿಚ್ಚಿ ನನ್ನ ಕೈಯಾಗ ಇಟ್ಟ. ಬೆಚ್ಚಗಿತ್ತು.

ಮನಿಗೆ ಬಂದು ತೋರಿಸಿದೆ. ನನ್ನ ಹೆಂಡ್ತಿ ಶೇಖರಮ್ಮ ಹುಲಿಹೈದರ ಊರಿನಾಕಿ, ನಾಲಿಗಿ ಭಾಳ ಚೂಪು. "ಗೆದ್ದು ತರಲಿಲ್ರಿ, ಅವ ಕೊಟ್ಟದ್ದು ತಗೊಂಡು ಬಂದ್ರಿ" ಅಂದ್ಲು.

ಅಂತೂ ಕುರ್ಚಿ ಸಿಕ್ಕಿತು. ಹೊಸಾ ರುಮಾಲು ಸುತ್ತಿಕೊಂಡು ಕುಂತೆ. ಮಕ್ಬುಲಸಾಬರು ಪುಸ್ತಕ ತೆಗದು, "ಗೌಡ್ರ, ನಿಮ್ಮ ಗದ್ದಿ ಪಾಳಿ ಕಟ್ಟಕಡೀಕ. ನಿಮ್ಮದಽ ಅರ್ಜಿ" ಅಂದ್ರು.

"ಅದು ಗಿಡ್ಡಪ್ಪನ ಸಲುವಾಗಿ ಬರದದ್ದಲ್ಲೇನ್ರಿ?" ಅಂದೆ.

ಕಚೇರಿ ಜವಾನ ಸುದ್ದಾ ನಕ್ಕ. ಮನ್ಯಾಗ ಶೇಖರಮ್ಮ ರೊಟ್ಟಿ ಬಡಕೋತ, "ಮಾಡಿದ್ದುಣ್ಣೋ ಮಾರಾಯ" ಅಂದ್ಲು.

ಆ ವರ್ಷ ಹೊಳ್ಯಾಗ ನೀರಽ ಕಮ್ಮಿ. ಎಲ್ಲಾರ ಪಾಳಿ ಮುಗದು ನನ್ನ ತನಕ ನೀರು ಬರ್ತಿರಲಿಲ್ಲ. ನನ್ನ ಹನ್ನೆರಡು ಎಕರೆ ಬಾಯಿ ಬಿಟ್ಟು ಸೀಳಿತ್ತು. ಬಾಜೂಕಽ ಗಿಡ್ಡಪ್ಪನ ಎರಡು ಎಕರೆ ಹೊಡಿ ಹಾದು ತಲಿ ತೂಗತಿತ್ತು. ಮೊದಲ ಅವನ ಕುರ್ಚಿ ಮ್ಯಾಲ ಹೊಟ್ಟಿಕಿಚ್ಚು, ಈಗ ಅವನ ಬೆಳಿ ಮ್ಯಾಲ. ನನ್ನ ಹಣೇಬರಾ!

ಒಂದಿನ ಮಟಮಟ ಮಧ್ಯಾಹ್ನ ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ನೀರು ಬಾಲದ ತುದಿಗೆ ಹೋಗೋ ಪಾಳಿ, ಅಲ್ಲಿ ಮುದಕಮ್ಮ ಅನ್ನೋ ಗಂಡ ಸತ್ತ ಒಂಟಿ ಹೆಣ್ಮಗಳ ಒಂದು ಎಕರೆ ಕಾಯ್ತಿತ್ತು. ನನ್ನ ಮಡಿ ಬಾಯಿಗಿದ್ದ ಹಲಗಿ ಎತ್ತಿದೆ. ನೀರು ಗುಳುಗುಳು ನನ್ನ ಗದ್ದಿಗೆ ಇಳೀತು. ಹಿಂದ ಯಾರೋ ಕೆಮ್ಮಿದ್ರು. ಗಿಡ್ಡಪ್ಪ.

ಬೈತಾನ ಅನ್ಕೊಂಡೆ. ಬದುವಿನ ಮ್ಯಾಲ ಕುಂತು ಎಲಿಗೆ ಸುಣ್ಣ ಹಚ್ಚಿದ.

"ನಾನೂ ಮೂರು ವರ್ಷ ನನ್ನ ಹಲಗಿ ಮುಟ್ಟಿ ಮುಟ್ಟಿ ಬಿಟ್ಟೀನ್ರಿ ಗೌಡ್ರ" ಅಂದ. "ಒಂದ್ಸಲ ಎತ್ತೇ ಬಿಟ್ಟಿದ್ದೆ. ಹುಲಗೆಮ್ಮ ಬಂದು ಕೈ ಹಿಡದ್ಲು."

ನನಗ ಸಿಟ್ಟು ಬಂತು. ನಾಚಿಕಿ ಬಂತು. ಹಲಗಿ ಇಳಿಸಿ ಕಾಲಿಂದ ಒತ್ತಿ ಮುಚ್ಚಿದೆ. ನೀರು ತಿರುಗಿ ಮುಂದ ಹರೀತು. ಇಬ್ಬರೂ ಅದನ್ನ ನೋಡಿಕೋತ ಬದುವಿನ ಮ್ಯಾಲ ಕುಂತ್ವಿ. ಸ್ವಲ್ಪ ಹೊತ್ತಿಗೆ ಕೆಳಗಿನ ಗದ್ಯಾಗ ಮುದಕಮ್ಮ ಬಗ್ಗಿದಾಕಿ ಎದ್ದು ನಿಂತು, ಎರಡೂ ಕೈ ಎತ್ತಿ ಕೂಗಿದ್ಲು.

"ಬರ್ರೆವ್ವಾ ಬರ್ರಿ! ಗಿಡ್ಡಪ್ಪನ ನೀರು ಬಂತು!"

ನನ್ನ ಹನ್ನೆರಡು ಎಕರೆ ಒಣಗಿಸಿಕೊಂಡು ನಾ ಬಿಟ್ಟ ನೀರು ಅದು. ಕೀಲಿ ನನ್ನ ಉಡದಾರದಾಗ ಇತ್ತು.

"ಗೌಡ್ರ ನೀರು ಐತಬೇ, ಗೌಡ್ರದು!" ಅಂತ ಗಿಡ್ಡಪ್ಪ ಎದ್ದು ನಿಂತು ಒದರಿದ. ಆಕಿ ಮುದುಕಿ, ದೂರ ಇದ್ಲು, ಮಾತು ತಿಳೀಲಿಲ್ಲ, ಅವನ ದನಿ ಅಷ್ಟಽ ಗುರ್ತು ಸಿಕ್ಕಿತು. ನಕ್ಕೋತ ಅವಗಽ ಕೈ ಮುಗದ್ಲು.