ಬಾಗಿಲಿಗೆ ತೂಗಿದ ಕೆಂಪು ಹಲಗೆ

ಬದುಕಿನ ಬಹುಪಾಲನ್ನು ಬಸ್ಸಿನ ಕಂಡಕ್ಟರಾಗಿ ಕಳೆದ ಅವಳನ್ನು ಎಲ್ಲರೂ ಸೀಟಿಯಮ್ಮ ಎಂದೇ ಕರೆಯುತ್ತಿದ್ದರು. ಕೊರಳಲ್ಲಿ ಸೀಟಿ, ನಾಲಗೆಯ ತುದಿಯಲ್ಲಿ ಬೈಗುಳ. ನಿದ್ದೆ ಬಂದಂತೆ ನಟಿಸಿ ಪಕ್ಕದ ಹೆಂಗಸಿನ ಮೇಲೆ ವಾಲುವ ಗಂಡಸರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಅದು ನಿನ್ನ ದಿಂಬಲ್ಲಪ್ಪಾ, ನಿದ್ದೆ ಬಂದ್ರೆ ಮನೆಗ್ ಹೋಗಿ ಮಲಗು" ಎಂದು ನಡುದಾರಿಯಲ್ಲೇ ಇಳಿಸಿ ರೈಟ್ ರೈಟ್ ಎನ್ನುವಳು. ನಿವೃತ್ತಿಯಾದ ಮೇಲೆ ಸೀಟಿ ಗೋಡೆಯ ಮೊಳೆಗೆ ಸೇರಿತು. ನಾಲಗೆಗೆ ನಿವೃತ್ತಿ ಸಿಗಲಿಲ್ಲ.

ಅವಳ ಅಕ್ಕನಿಗೆ ಮರೆವಿನ ಕಾಯಿಲೆ. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ಮನೆಯ ದಾರಿಯನ್ನು, ಕೊನೆಗೆ ಗಂಡನನ್ನು. ಬಾವ ಅವಳನ್ನು ಆರೈಕೆ ಮನೆಗೆ ಸೇರಿಸಿದ. ಈ ಬಾವ ದೊಡ್ಡ ಮರ್ಯಾದಸ್ಥ. ಹೆಂಡತಿ ಜ್ವರದಲ್ಲಿ ನರಳುತ್ತಿದ್ದಾಗಲೂ ಒಂದು ಲೋಟ ನೀರು ಬಗ್ಗಿಸಿ ಕೊಟ್ಟವನಲ್ಲ. ಈಗ ಪ್ರತಿ ಭಾನುವಾರ ತಲೆ ಬಾಚಿ, ಸೆಂಟು ಬಳಿದುಕೊಂಡು, ಹಣ್ಣಿನ ಚೀಲ ಹಿಡಿದು ಬರುತ್ತಿದ್ದ. "ಎಂಥಾ ಪುಣ್ಯವಂತೆ, ಈ ವಯಸ್ಸಲ್ಲೂ ಗಂಡ ಬಿಟ್ಟಿಲ್ಲ ನೋಡಿ" ಎಂದು ಆಯಾಗಳು ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಮನೆಯ ಮ್ಯಾನೇಜರ್ ಹಿಂದೆ ಲಾಡ್ಜ್ ನಡೆಸುತ್ತಿದ್ದವನು. ಬಾಗಿಲು ಮುಚ್ಚಿದ ಮೇಲೆ ಒಳಗಿನದು ಗಿರಾಕಿಯ ಪಾಡು ಎಂಬುದೊಂದೇ ಅವನು ಕಲಿತ ವಿದ್ಯೆ. ಅಲ್ಲಿಂದ ಬರುವಾಗ 'ತೊಂದರೆ ಕೊಡಬೇಡಿ' ಎಂದು ಬರೆದ ಕೆಂಪು ಹಲಗೆಗಳನ್ನೂ ತಂದಿದ್ದ. ಗಂಡನೋ ಹೆಂಡತಿಯೋ ನೋಡಲು ಬಂದರೆ ಬಾಗಿಲ ಹಿಡಿಕೆಗೆ ಹಲಗೆ ತೂಗುಹಾಕುವುದು, ಆಯಾ ಹೊರಗೆ ಕೂರುವುದು ಅಲ್ಲಿನ ಪದ್ಧತಿ. ಇದಕ್ಕೆ ಅವನು 'ದಂಪತಿಗಳ ಗೌರವ' ಎಂದು ಹೆಸರಿಟ್ಟಿದ್ದ.

ಸೀಟಿಯಮ್ಮ ಹೋಗುತ್ತಿದ್ದುದು ಬುಧವಾರ. ಕೆಲವು ವಾರಗಳಿಂದ ಅಕ್ಕ ಬಿರುಬೇಸಿಗೆಯಲ್ಲೂ ಮೂರು ಸ್ವೆಟರುಗಳನ್ನು ಒಂದರ ಮೇಲೊಂದು ಹಾಕಿ, ಕತ್ತಿನವರೆಗೆ ಗುಂಡಿ ಬಿಗಿದು ಕೂತಿರುತ್ತಿದ್ದಳು.

"ಬಿಚ್ಚೋಕೆ ಬಿಡಲ್ಲಮ್ಮ. ಸ್ನಾನಕ್ಕೆ ಕರೆದ್ರೆ ಒದೀತಾರೆ. ಕಾಯಿಲೆ ಅಲ್ವಾ, ಹಂಗೇ" ಎಂದಳು ಆಯಾ.

ಮರೆವಿನವರು ಏನು ಮಾಡಿದರೂ ಕಾಯಿಲೆ; ನೆನಪು ನೆಟ್ಟಗಿರುವವರು ಏನು ಮಾಡಿದರೂ ಗೌರವ. ಸೀಟಿಯಮ್ಮ ಬಾವ ಬರುವ ಹೊತ್ತನ್ನು ಆಯಾಳಿಂದ ಕೇಳಿ ತಿಳಿದಳು. ಆ ವಾರ ಅವಳು ಭಾನುವಾರವೂ ಹೋದಳು.

ಹಿಡಿಕೆಗೆ ಹಲಗೆ ತೂಗುತ್ತಿತ್ತು. ಆಯಾ ಹೊರಗೆ ಸ್ಟೂಲಿನ ಮೇಲೆ ಬಟಾಣಿ ಸುಲಿಯುತ್ತಿದ್ದಳು. "ಈಗ ಹೋಗ್ಬೇಡಿ, ಯಜಮಾನ್ರು ಬಂದಿದಾರೆ" ಎಂದು ನಾಚಿ ನಕ್ಕಳು.

ಒಳಗಿನಿಂದ ಅಕ್ಕನ ದನಿ ಕೇಳಿಸಿತು. "ಅಪ್ಪನ್ನ ಕರೀತೀನಿ. ನೋಡು, ಅಪ್ಪನ್ನ ಕರೀತೀನಿ."

ಅವರಪ್ಪ ಸತ್ತು ಎಷ್ಟೋ ಕಾಲವಾಗಿತ್ತು. ಕರೆಯಲು ಅವಳಿಗೆ ಬೇರೆ ಯಾರ ಹೆಸರೂ ಉಳಿದಿರಲಿಲ್ಲ.

ಸೀಟಿಯಮ್ಮ ಬಾಗಿಲು ತಳ್ಳಿ ನುಗ್ಗಿದಳು. ಒಂದು ಸ್ವೆಟರ್ ನೆಲದ ಮೇಲಿತ್ತು. ಅಕ್ಕ ಗೋಡೆಗೆ ಒತ್ತಿಕೊಂಡು ಉಳಿದೆರಡರ ಗುಂಡಿಗಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಮಂಚದ ಮೇಲಿದ್ದ ಬಾವ ಗಡಬಡಿಸಿ ಎದ್ದ.

"ಬಾಗಿಲು ತಟ್ಟೋ ಸಂಸ್ಕಾರ ಇಲ್ವೇನಮ್ಮ ನಿಂಗೆ?"

"ಸಂಸ್ಕಾರದ ಪಾಠ ಆಮೇಲೆ ಬಾವ. ಮೊದ್ಲು ಈಚೆ ಬನ್ನಿ."

"ನನ್ನ ಹೆಂಡ್ತಿ ಅವ್ಳು!"

"ನಿಮಗೆ ಹೆಂಡ್ತಿ. ಅವಳಿಗೆ ನೀವ್ಯಾರು? ವಾರವಾರ ಬಂದು ಬಾಗಿಲು ಹಾಕ್ಕೊಳ್ಳೋ ಗಂಡಸು."

ಗದ್ದಲ ಹಜಾರಕ್ಕೆ ಬಂತು. ಅಲ್ಲಿ ಬೇರೆಯವರ ಮಕ್ಕಳು ಸೊಸೆಯಂದಿರು ಭೇಟಿಗೆ ಬಂದು ಕೂತಿದ್ದರು. ಮ್ಯಾನೇಜರ್ ಓಡಿ ಬಂದು ಕೈ ಮುಗಿದ. "ಅಮ್ಮಾ, ಮೆಲ್ಲಗೆ. ಗಂಡ ಹೆಂಡತಿ ನಡುವೆ ನಾವು ಬಾಯಿ ಹಾಕೋದು ಚೆನ್ನಾಗಿರಲ್ಲ. ಬೇಕಿದ್ರೆ ಅವರನ್ನೇ ಕೇಳ್ಬಿಡೋಣ."

ಹಾಗೆಂದವನೇ ಬಾವನ ಎದುರಿಗೇ ಅಕ್ಕನನ್ನು ಕರೆತಂದು ಕೂರಿಸಿದ, ಮಗುವಿಗೆ ಮಿಠಾಯಿ ತೋರಿಸುವ ದನಿಯಲ್ಲಿ ಕೇಳಿದ: "ಅಜ್ಜೀ, ಇವರು ನಿಮ್ಮ ಯಜಮಾನ್ರು ತಾನೆ? ಇವರು ಬಂದ್ರೆ ನಿಮಗೆ ಇಷ್ಟ ತಾನೆ?"

ಅಕ್ಕ ಹೂಂ ಎಂದು ತಲೆಯಾಡಿಸಿದಳು.

"ನೋಡಿದ್ರಾ!" ಮ್ಯಾನೇಜರ್ ಪರೀಕ್ಷೆ ಪಾಸಾದವನಂತೆ ತಿರುಗಿದ. ಬಾವ ಅಂಗಿಯ ಕಾಲರು ಸರಿಮಾಡಿಕೊಂಡ.

ಸೀಟಿಯಮ್ಮ ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅಕ್ಕಾ, ನಾನು ನಿಮ್ಮಮ್ಮ ತಾನೆ?"

ಅಕ್ಕ ತಲೆಯಾಡಿಸಿದಳು.

"ಈ ಮ್ಯಾನೇಜರ್‌ಗೆ ನೀನು ನಿನ್ನ ಮನೆ ಬರ್ಕೊಟ್ಟಿದ್ದೀಯ ತಾನೆ?"

ಅಕ್ಕ ಹೂಂ ಎಂದಳು. ಯಾರೋ ಸೊಸೆ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

"ಹೋಗಿ, ಮನೆ ತಗೊಳ್ಳಿ ಮ್ಯಾನೇಜರ್ರೇ. ಒಪ್ಪಿಗೆ ಸಿಕ್ತಲ್ಲ? ಈ ಹೂಂ ನೆಚ್ಕೊಂಡು ಮನೆ ಮುಟ್ಟೋ ಧೈರ್ಯ ನಿಮಗಿಲ್ಲ. ಮೈ ಮುಟ್ಟೋಕೆ ಮಾತ್ರ ಸಾಕಾ? ಬಿಸಿಲಲ್ಲಿ ಮೂರು ಸ್ವೆಟರ್ ಹಾಕ್ಕೊಂಡು ದಿನಾ ಬೇಡ ಅಂತಿದಾಳೆ, ಅದನ್ನ ಕೇಳೋಕೆ ನಿಮ್ಮಲ್ಲಿ ಯಾರಿಗೂ ಕಿವಿ ಇಲ್ಲ. ಇನ್ನೊಂದ್ ಸಲ ಆ ಹಲಗೆ ತೂಗುಹಾಕಿದ್ರೆ ಡಾಕ್ಟರ್ ಜೊತೆ ಪೊಲೀಸರೂ ಬರ್ತಾರೆ."

ಮ್ಯಾನೇಜರ್ ಅವಳನ್ನು ನೋಡಲಿಲ್ಲ, ಸುತ್ತ ಕೂತ ಗಿರಾಕಿಗಳ ಮುಖ ನೋಡಿದ. ಒಬ್ಬ ಮಗ ಆಗಲೇ ತನ್ನ ತಾಯಿಯ ಕೋಣೆಯ ಕಡೆ ತಿರುಗಿದ್ದ. ಒಂದು ಹೆಣ್ಣುಜೀವಕ್ಕೆ ಏನಾಯಿತೆಂದು ಮ್ಯಾನೇಜರನ ತಲೆಗೆ ಇಳಿಯಿತೆಂದು ಯಾರೂ ತಿಳಿಯಬಾರದು. ಇಳಿದದ್ದು ವ್ಯಾಪಾರ ಕೆಡುತ್ತದೆಂಬ ಭಯ ಮಾತ್ರ. ಅಂದೇ ಹಲಗೆಗಳು ಸ್ಟೋರ್ ರೂಮು ಸೇರಿದವು. ಬಾವನ ಭೇಟಿ ಇನ್ನು ಹಜಾರದ ಬೆಂಚಿನಲ್ಲಿ, ಆಯಾ ಎದುರಿಗೆ ಎಂದಾಯಿತು. ಸುದ್ದಿ ಕೇಳಿ ಬಂದ ಆ ಮನೆಯ ಡಾಕ್ಟರೂ ಅದೇ ಸರಿ ಎಂದರು, ಅಕ್ಕನನ್ನು ಪರೀಕ್ಷಿಸಲು ತಮ್ಮ ಜೊತೆಯ ಡಾಕ್ಟರಮ್ಮನನ್ನು ಕಳಿಸಿದರು.

ಮುಂದಿನ ಭಾನುವಾರ ಬಾವ ಬಂದ. ಬೆಂಚನ್ನು ನೋಡಿದ, ಆಯಾಳನ್ನು ನೋಡಿದ, ಅಕ್ಕನ ಪಕ್ಕದಲ್ಲೇ ಬೇರೂರಿದ ಸೀಟಿಯಮ್ಮನನ್ನು ನೋಡಿದ.

"ಇಲ್ಲಿ ಕೂತು ಏನ್ ಮಾಡೋದು?" ಎಂದ.

"ಹಣ್ಣು ಸುಲಿದು ಕೊಡಿ ಬಾವ. ಪ್ರೀತಿ ಇರೋರು ಅಷ್ಟು ಮಾಡ್ತಾರೆ."

ಅವನು ಚೀಲವನ್ನು ಬೆಂಚಿನ ಮೇಲಿಟ್ಟು ಕೆಮ್ಮಿ ಹೊರಟ. ಆಮೇಲಿನ ಭಾನುವಾರ ಬರಲಿಲ್ಲ, ಅದರಾಚೆಯದಕ್ಕೂ ಇಲ್ಲ. ಅಷ್ಟು ವಾರ ಉಕ್ಕಿ ಹರಿದ ಗಂಡನ ಪ್ರೀತಿ ತೆರೆದ ಬಾಗಿಲಿನ ಗಾಳಿ ಸೋಕುತ್ತಲೇ ಬತ್ತಿಹೋಯಿತು.

"ಯಾರೇ ಅವನು?" ಎಂದು ಅವನು ಚೀಲವಿಟ್ಟು ಹೋದ ದಿನ ಅಕ್ಕ ಕೇಳಿದ್ದಳು.

"ಟಿಕೆಟ್ ಇಲ್ದೆ ಹತ್ತಿದ್ದ. ಇಳಿಸ್ಬಿಟ್ಟೆ."

ಅಕ್ಕ ತಲೆಯಾಡಿಸಿದಳು. ಆ ತಲೆಯಾಟಕ್ಕೂ ಬೆಲೆ ಇಲ್ಲವೆಂದು ಸೀಟಿಯಮ್ಮನಿಗೆ ಗೊತ್ತಿತ್ತು. ಅವಳು ಕಾಯುತ್ತಿದ್ದುದು ಬೇರೆಯದಕ್ಕೆ. ಆ ತಿಂಗಳು ಕಳೆಯುವ ಹೊತ್ತಿಗೆ ಅಕ್ಕ ಸ್ನಾನದ ಮನೆಯಲ್ಲಿ ತಾನಾಗಿ ಒಂದು ಸ್ವೆಟರ್ ಬಿಚ್ಚಿ ತಂಗಿಯ ಕೈಗೆ ಕೊಟ್ಟಳು. ಸ್ವಲ್ಪ ಯೋಚಿಸಿ ಎರಡನೆಯದನ್ನೂ ಕೊಟ್ಟಳು. ಮೂರನೆಯದರ ಗುಂಡಿಗೆ ಕೈ ಹೋಯಿತು, ಅಲ್ಲೇ ನಿಂತಿತು.

"ಬೇಡ ಅಂದ್ರೆ ಬೇಡ ಬಿಡಕ್ಕಾ" ಎಂದು ಸೀಟಿಯಮ್ಮ ಅವಳ ಕಾಲಿಗಷ್ಟೇ ನೀರು ಹಾಕಿದಳು.