ದೇವಿಕೊಪ್ಪದ ಗಿರಾಕಿ

ನನ್ನ ಮೊಮ್ಮಗಳು ಸವಿತಾಳ ನೌಕರಿ ಕಾಯಂ ಆಯಿತು! ಇವತ್ತು ಮುಂಜಾನೆಯೇ ಅವಳ ಕಂಪನಿಯ ಸಾಹೇಬನ ಫೋನು ಬಂತು. ಕುಣಿಯುವಷ್ಟು ಖುಷಿ ನನಗೆ. ಆದರೆ ನಿನ್ನೆ ರಾತ್ರಿ ಯರಗುಪ್ಪಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳದೆ ಎದೆ ಹಗುರಾಗದು. ಸುಳ್ಳು ಅಂದರೆ ಅನ್ನಿ, ಈ ಕಣ್ಣಿಂದಲೇ ನೋಡಿದ್ದೇನೆ...

ಸವಿತಾ ಹುಬ್ಬಳ್ಳಿಯ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಗಿರಾಕಿಗಳ ಹೆಸರು, ಫೋನು, ತಕರಾರು ಎಲ್ಲ ಕಂಪ್ಯೂಟರಿನಲ್ಲಿ. ಅದರ ಪೂರಾ ಉಸ್ತುವಾರಿ ಇವಳದು. ಕೆಲಸ ಮನೆಯಿಂದಲೇ. ದೇವಿಕೊಪ್ಪದ ಒಬ್ಬ ಗಿರಾಕಿ ತೀರಿಕೊಂಡನೆಂದು ಇವಳು ಅವನ ಖಾತೆ ಮುಚ್ಚಿದ್ದಳು. ಮೂರು ರಾತ್ರಿ ಅದು ತಾನೇ ತೆರೆದುಕೊಂಡಿತು. 'ನೀರು ಬರವಲ್ದು' ಎಂದು ತಕರಾರು. ಬರೆದವರ ಜಾಗದಲ್ಲಿ ಸವಿತಾಳ ಹೆಸರು. ಬೆಳಗಾದರೆ ಮೆಕ್ಯಾನಿಕ್ ಹೋಗಿ ಸತ್ತವನ ಹೆಂಡತಿಯ ಮುಂದೆ ನಿಲ್ಲುವುದು, ಆಕೆ ಅಳುವುದು.

ಇವಳೇ ಬರೆದು ಆಟ ಆಡುತ್ತಾಳೆ ಎಂದ ಸಾಹೇಬ. ಇನ್ನೊಮ್ಮೆ ಆದರೆ ಕೆಲಸದಿಂದ ತೆಗೆಯುತ್ತೇನೆ ಎಂದ. ನನ್ನ ಮೈಯೆಲ್ಲ ಉರಿಯಿತು. ರಾತ್ರಿ ವಿಡಿಯೋ ಫೋನಿನಲ್ಲಿ ಅವನನ್ನೇ ಕೂಡಿಸು, ನೋಡಲಿ ಎಂದು ಸವಿತಾಳಿಗೆ ಹೇಳಿದೆ.

ಹನ್ನೊಂದಾಯಿತು. ಕಂಪ್ಯೂಟರ್ ದೂರದ ಮೇಜಿನ ಮೇಲೆ. ಸವಿತಾಳ ಎರಡೂ ಕೈ ನನ್ನ ಮುಷ್ಟಿಯಲ್ಲಿ. ಫೋನಿನಲ್ಲಿ ಸಾಹೇಬನ ಮುಖ. ಎಲ್ಲಿಂದಲೋ ಹಸಿ ಎರೆಮಣ್ಣಿನ ವಾಸನೆ... ಹೊರಗೆ ಒಂದು ಹನಿ ಮಳೆಯಿಲ್ಲ.

ಟಕ್... ಟಕ್...

ಯಾರೂ ಮುಟ್ಟದೆ ಅಕ್ಷರ ಮೂಡಿದವು. ಅದೇ ನೀರಿನ ತಕರಾರು.

"ಆಯಿ..." ಸವಿತಾ ಪಿಸುಗುಟ್ಟಿದಳು.

ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. "ಲೇ ಸತ್ತಾಂವಾ, ನೀರ ಬೇಕಂದ್ರ ನಿಮ್ಮ ಮಂದೀನ ಕೇಳು. ನನ್ನ ಮೊಮ್ಮಗಳ ಅನ್ನದಾಗ ಯಾಕ ಮಣ್ಣ ಹಾಕತಿ? ನಾಚಿಕಿ ಇಲ್ಲೇನ್ ನಿನಗ?"

ಸದ್ದು ನಿಂತಿತು. ಆಮೇಲೆ ಮತ್ತೆ ಒಂದು ಸಾಲು ಮೂಡಿತು.

'ಬೈಬ್ಯಾಡ ಗಂಗಿ, ಹೊಂಟೆ.'

ಖಾತೆ ತಾನೇ ಮುಚ್ಚಿಕೊಂಡಿತು. ಹುಬ್ಬಳ್ಳಿಯಲ್ಲಿ ತನ್ನ ಕಂಪ್ಯೂಟರಿನಲ್ಲೂ ಅದನ್ನೇ ಓದಿದ ಸಾಹೇಬ, "ನಿಮ್ದೇನೂ ತಪ್ಪಿಲ್ರಿ," ಎಂದಷ್ಟೇ ಹೇಳಿ ಫೋನಿಟ್ಟ.

ಇವತ್ತು ಸಂಜೆ ಮಗ, ಸೊಸೆ, ಸವಿತಾ, ನಾನು ಕೂಡಿ ಹೋಳಿಗೆ ಉಂಡೆವು. ಅವ್ವನ ಬಾಯಿಗೆ ದೆವ್ವವೂ ಅಂಜುತ್ತದೆ ಎಂದು ಮಗ ನಕ್ಕ.

"ಅದಿರ್ಲಿ ಆಯಿ, ಗಂಗಿ ಅಂದ್ರ ಯಾರಬೇ?" ಎಂದಳು ಸವಿತಾ.

ಸುಮ್ಮನೆ ಉಣ್ಣು ಎಂದು ಗದರಿದೆ.

ಮದುವೆಯಲ್ಲಿ ಹೆಸರು ಬದಲಿಸಿ ನನ್ನನ್ನು ಶಾಂತವ್ವ ಮಾಡುವ ಮೊದಲು ತವರಿನಲ್ಲಿ ಗಂಗಿ ಎಂದೇ ಕರೆಯುತ್ತಿದ್ದರು. ಹಾಗೆ ಕರೆದವರು ಯಾರೂ ಈಗ ಉಳಿದಿಲ್ಲ. ಆ ದೇವಿಕೊಪ್ಪದವನ ಮುಖವನ್ನು ನಾನು ಕಂಡೇ ಇಲ್ಲ, ಆ ಹೆಸರು ಅವನಿಗೆ ಹೇಗೆ ಗೊತ್ತಾಯಿತು?... ಎಲ್ಲರಿಗೂ ಇನ್ನೊಂದೊಂದು ಹೋಳಿಗೆ ಹಾಕಿದೆ. ತುಪ್ಪ ತಟ್ಟೆ ಬಿಟ್ಟು ನೆಲದ ಪಾಲಾಯಿತು.